‘ಬ್ಯಾಂಕ್’ ಎಂಬ ಪದಕ್ಕೆ ಎಷ್ಟು ಅರ್ಥ, ಎಷ್ಟು ಮೂಲ? ಹಂತ ಹಂತವಾಗಿ ಹುಡುಕುವ ಬಗೆ

ಇಂಗ್ಲಿಷ್ ಕಲಿಯುವವರು, ಕಲಿಸುವವರು ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಹಣ ಇಡುವ ಬ್ಯಾಂಕಿಗೂ ನದಿಯ ದಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಏಕಿದೆ? ಇವೆರಡೂ ಒಂದೇ ಪದದ ಎರಡು ಅರ್ಥಗಳೋ, ಅಥವಾ ಆಕಸ್ಮಿಕವಾಗಿ ಒಂದೇ ರೂಪ ತಾಳಿದ ಎರಡು ಬೇರೆ ಪದಗಳೋ? ಉತ್ತರವನ್ನು ನೇರವಾಗಿ ಹೇಳಿಬಿಡಬಹುದು. ಆದರೆ ಉತ್ತರ ಕಂಡುಕೊಳ್ಳುವ ದಾರಿಯನ್ನು ತಿಳಿದುಕೊಂಡರೆ ಬೇರೆ ನೂರು ಪದಗಳಿಗೂ ಅದನ್ನೇ ಬಳಸಬಹುದು. ಆದ್ದರಿಂದ ಈ ಲೇಖನದಲ್ಲಿ ‘ಬ್ಯಾಂಕ್’ ಪದವನ್ನೇ ಮುಂದಿಟ್ಟುಕೊಂಡು ಆ ದಾರಿಯನ್ನು ವಿವರಿಸಿದ್ದೇನೆ. ಓದುತ್ತಾ ಹೋದಂತೆ ಪ್ರತಿ ಹಂತವನ್ನೂ ನೀವೇ ಮಾಡಿ ನೋಡಿ.

ಬೇಕಾಗುವ ಸಾಮಗ್ರಿ

ಪದಗಳ ಚರಿತ್ರೆಯನ್ನೂ ಕೊಡುವ ಒಂದು ಇಂಗ್ಲಿಷ್ ನಿಘಂಟು ಬೇಕು. ಶಾಲಾ ಮಕ್ಕಳಿಗಾಗಿ ಮಾಡಿದ ಕಿರುನಿಘಂಟುಗಳಲ್ಲಿ ಈ ಭಾಗವನ್ನು ಕೈಬಿಟ್ಟಿರುತ್ತಾರೆ, ಹಾಗಾಗಿ ಅವು ಸಾಲವು. ಮೆರಿಯಮ್-ವೆಬ್‌ಸ್ಟರ್ ನಿಘಂಟು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ದೊಡ್ಡ ಗ್ರಂಥಾಲಯ ಹತ್ತಿರವಿದ್ದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪುಟಗಳನ್ನು ನೋಡಿ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಪೂರ್ಣಗೊಂಡ ಆ ನಿಘಂಟು ಪ್ರತಿ ಅರ್ಥಕ್ಕೂ ಕಾಲಾನುಕ್ರಮದಲ್ಲಿ ಉದಾಹರಣೆ ಕೊಡುತ್ತದೆ. ಕನ್ನಡದ ಅರ್ಥಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಒಳ್ಳೆಯ ಆಧಾರ. ಇವುಗಳ ಜೊತೆಗೆ ಒಂದು ನೋಟ್‌ಪುಸ್ತಕ ಇದ್ದರೆ ಸಾಕು.

ಮೊದಲು ತಿಳಿಯಬೇಕಾದ ಎರಡು ಪಾರಿಭಾಷಿಕ ಪದಗಳು

ಒಂದೇ ಪದ ಕಾಲಕ್ರಮದಲ್ಲಿ ಹಲವು ಅರ್ಥಗಳನ್ನು ಬೆಳೆಸಿಕೊಂಡರೆ ಅದು ‘ಬಹ್ವರ್ಥ ಪದ’. ಕನ್ನಡದ ‘ಕಣ್ಣು’ ಇದಕ್ಕೆ ಉದಾಹರಣೆ. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ಬಲೆಯ ಕಣ್ಣು ಎಲ್ಲವೂ ಒಂದೇ ಪದದ ವಿಸ್ತಾರಗಳು. ಇದಕ್ಕೆ ವ್ಯತಿರಿಕ್ತವಾಗಿ, ಹುಟ್ಟಿನಿಂದಲೇ ಬೇರೆಯಾದ ಪದಗಳು ಉಚ್ಚಾರಣೆಯ ಬದಲಾವಣೆಯಿಂದಾಗಿ ಒಂದೇ ರೂಪಕ್ಕೆ ಬಂದು ನಿಂತರೆ ಅವು ‘ಸಮರೂಪಿ ಪದಗಳು’. ನದಿ ಎಂಬ ಅರ್ಥದ ‘ಹೊಳೆ’ ಮತ್ತು ಪ್ರಕಾಶಿಸು ಎಂಬ ಅರ್ಥದ ‘ಹೊಳೆ’ ಇಂಥವು. ಹಳಗನ್ನಡದಲ್ಲಿ ನದಿ ‘ಪೊೞೆ’ಯಾಗಿತ್ತು, ಪ್ರಕಾಶಿಸುವುದು ‘ಪೊಳೆ’ಯಾಗಿತ್ತು. ಮಲಯಾಳದಲ್ಲಿ ನದಿಗೆ ಇಂದಿಗೂ ‘ಪುೞ’ ಎನ್ನುತ್ತಾರೆ. ಕನ್ನಡದಲ್ಲಿ ೞಕಾರ ಕಳೆದುಹೋಗಿ ಳಕಾರವಾದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ನೀರು ಬಿಸಿಲಿಗೆ ಹೊಳೆಯುತ್ತದೆ, ಅದಕ್ಕೇ ನದಿಗೆ ‘ಹೊಳೆ’ ಎಂಬ ಹೆಸರು ಬಂತು ಎಂದು ಯಾರಾದರೂ ವಿವರಿಸಿದರೆ ಕೇಳಲು ಸೊಗಸಾಗಿರುತ್ತದೆ, ಆದರೆ ಅದು ತಪ್ಪು. ಇಂಗ್ಲಿಷ್ ಪದಗಳ ವಿಷಯದಲ್ಲಿಯೂ ಇಂಥ ಸೊಗಸಾದ ತಪ್ಪುಗಳು ಹೇರಳವಾಗಿವೆ.

ಹಂತ 1: ನಿಘಂಟು ತೆರೆಯುವ ಮೊದಲು ವಾಕ್ಯಗಳನ್ನು ಕೂಡಿಹಾಕಿ

ಪದ ಎಲ್ಲೆಲ್ಲಿ ಬಳಕೆಯಾಗುತ್ತದೆಯೋ ಅಲ್ಲಿಂದಲೇ ಉದಾಹರಣೆಗಳನ್ನು ಬರೆದುಕೊಳ್ಳಿ. ‘ಬ್ಯಾಂಕ್’ ಪದಕ್ಕೆ ನಿಮ್ಮ ಪಟ್ಟಿ ಸುಮಾರಾಗಿ ಹೀಗಿರುತ್ತದೆ: ಹಣದ ಬ್ಯಾಂಕು, ನದಿಯ ಎರಡು ಬ್ಯಾಂಕುಗಳು, ಸಮುದ್ರದೊಳಗಿನ ಸ್ಯಾಂಡ್‌ಬ್ಯಾಂಕ್, ಮೋಡದ ಬ್ಯಾಂಕ್, ಬ್ಲಡ್ ಬ್ಯಾಂಕ್, ಕ್ವೆಶ್ಚನ್ ಬ್ಯಾಂಕ್, ವೋಟ್ ಬ್ಯಾಂಕ್, ಮೊಬೈಲಿನ ಪವರ್ ಬ್ಯಾಂಕ್, ವಿದ್ಯುತ್ ಉಪಕೇಂದ್ರದ ಕೆಪಾಸಿಟರ್ ಬ್ಯಾಂಕ್, ಸಾಲಾಗಿರುವ ಸ್ವಿಚ್ಚುಗಳ ಬ್ಯಾಂಕ್, ವಿಮಾನ ಒಂದು ಬದಿಗೆ ವಾಲಿ ತಿರುಗುವ ಬ್ಯಾಂಕಿಂಗ್, ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ರಸ್ತೆ ತಿರುವಿನ ಬ್ಯಾಂಕಿಂಗ್, ಕೆಂಡದ ಮೇಲೆ ಬೂದಿ ಮುಚ್ಚಿ ಬೆಂಕಿಯನ್ನು ಕಾಪಾಡಿಡುವ ಬ್ಯಾಂಕಿಂಗ್, ಒಬ್ಬರ ಮೇಲೆ ಭರವಸೆಯಿಡುವ ‘ಬ್ಯಾಂಕ್ ಆನ್’.

ಎಚ್ಚರಿಕೆ: ಬರಿಯ ಪದವನ್ನು ಬರೆದುಕೊಂಡರೆ ಪ್ರಯೋಜನವಿಲ್ಲ, ಇಡೀ ವಾಕ್ಯವನ್ನೇ ಬರೆದುಕೊಳ್ಳಿ. ಅರ್ಥ ತೀರ್ಮಾನವಾಗುವುದು ಅಕ್ಕಪಕ್ಕದ ಪದಗಳಿಂದ.

ಹಂತ 2: ಅರ್ಥಗಳನ್ನು ಗುಂಪು ಮಾಡಿ

ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾವ ಅರ್ಥಗಳ ನಡುವೆ ಒಂದು ಚಿತ್ರ ಸಾಮಾನ್ಯವಾಗಿದೆ ಎಂದು ನೋಡಿ. ದಡ, ಮರಳದಿಬ್ಬ, ಮೋಡದ ರಾಶಿ, ಬೂದಿ ಮುಚ್ಚಿದ ಕೆಂಡ, ವಾಲಿದ ವಿಮಾನ, ಓರೆಯಾಗಿ ಎತ್ತರಿಸಿದ ರಸ್ತೆ ಇವೆಲ್ಲದರಲ್ಲಿಯೂ ಏರು ಅಥವಾ ಇಳಿಜಾರು ಇದೆ. ಇದು ಮೊದಲ ಗುಂಪು. ಸ್ವಿಚ್ಚುಗಳ ಬ್ಯಾಂಕ್, ಹಳೆಯ ಹಡಗುಗಳ ಹುಟ್ಟುಗಳ ಬ್ಯಾಂಕ್ ಮುಂತಾದವುಗಳಲ್ಲಿ ಸಾಲು ಎಂಬ ಚಿತ್ರವಿದೆ. ಇದು ಎರಡನೆಯದು. ಹಣ, ರಕ್ತ, ಪ್ರಶ್ನೆ, ಮತ ಇವುಗಳಲ್ಲಿ ಕೂಡಿಟ್ಟು ಬೇಕಾದಾಗ ತೆಗೆಯುವ ಚಿತ್ರವಿದೆ. ಇದು ಮೂರನೆಯದು.

ಇಲ್ಲಿ ಹೆಚ್ಚಿನವರು ಎಡವುವುದು ಕೆಪಾಸಿಟರ್ ಬ್ಯಾಂಕಿನಲ್ಲಿ. ಕೆಪಾಸಿಟರ್ ವಿದ್ಯುದಾವೇಶವನ್ನು ಹಿಡಿದಿಡುವ ಸಾಧನವಾದ್ದರಿಂದ ಅದನ್ನು ಮೂರನೆಯ ಗುಂಪಿಗೆ ಸೇರಿಸುವ ಮನಸ್ಸಾಗುತ್ತದೆ. ಆದರೆ ಉಪಕೇಂದ್ರದ ಬೇಲಿಯ ಆಚೆ ನಿಂತು ನೋಡಿದರೆ ವಿಷಯ ತಿಳಿಯುತ್ತದೆ: ಕಬ್ಬಿಣದ ಚೌಕಟ್ಟಿನಲ್ಲಿ ಒಂದೇ ಬಗೆಯ ಡಬ್ಬಿಗಳನ್ನು ಸಾಲುಸಾಲಾಗಿ ಜೋಡಿಸಿರುತ್ತಾರೆ, ಆ ಇಡೀ ಸಾಲಿಗೆ ಬ್ಯಾಂಕ್ ಎಂದು ಹೆಸರು. ಟ್ರಾನ್ಸ್‌ಫಾರ್ಮರುಗಳನ್ನು ಒಟ್ಟಿಗೆ ಜೋಡಿಸಿದಾಗಲೂ ಅದೇ ಹೆಸರು, ಅವು ಏನನ್ನೂ ಕೂಡಿಡುವುದಿಲ್ಲ. ಆದ್ದರಿಂದ ಇದು ಎರಡನೆಯ ಗುಂಪಿನದು. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಮೂರನೆಯ ಗುಂಪಿನದು.

ಹಂತ 3: ತಲೆಪದದ ಪಕ್ಕದ ಸಣ್ಣ ಅಂಕಿಯನ್ನು ಗಮನಿಸಿ

ಈಗ ನಿಘಂಟು ತೆರೆಯಿರಿ. ದಪ್ಪ ಅಕ್ಷರದಲ್ಲಿ ಮುದ್ರಿಸಿದ ಮುಖ್ಯ ಪದಕ್ಕೆ ‘ತಲೆಪದ’ ಎನ್ನುತ್ತಾರೆ. ಒಂದೇ ತಲೆಪದವನ್ನು 1, 2, 3 ಎಂಬ ಸಣ್ಣ ಅಂಕಿಗಳೊಡನೆ ಬೇರೆ ಬೇರೆಯಾಗಿ ಕೊಟ್ಟಿದ್ದರೆ, ಸಾಮಾನ್ಯವಾಗಿ ನಿಘಂಟುಕಾರರು ಅವುಗಳನ್ನು ಬೇರೆ ಪದಗಳೆಂದು ಎಣಿಸಿದ್ದಾರೆ ಎಂದರ್ಥ. ಒಂದೇ ತಲೆಪದದ ಕೆಳಗೆ ಬರುವ ಕ್ರಮಸಂಖ್ಯೆಗಳು ಆ ಪದದ ಒಳ ಅರ್ಥಗಳನ್ನು ಸೂಚಿಸುತ್ತವೆ. ‘ಬ್ಯಾಂಕ್’ ಪದದ ನಾಮಪದ ರೂಪಗಳಲ್ಲಿ ಇಳಿಜಾರು, ಸಾಲು, ಹಣ ಎಂಬ ಮೂರು ಮುಖ್ಯ ವಿಭಾಗಗಳು ಕಾಣುತ್ತವೆ. ನೀವು ಮಾಡಿದ ಗುಂಪುಗಳು ಅವುಗಳಿಗೆ ಹೊಂದಿದರೆ ನಿಮ್ಮ ಕೆಲಸ ಸರಿಯಾಗಿದೆ.

ಎಚ್ಚರಿಕೆ ಎರಡು. ಮೆರಿಯಮ್-ವೆಬ್‌ಸ್ಟರ್ ನಿಘಂಟು ನಾಮಪದ, ಕ್ರಿಯಾಪದಗಳಿಗೂ ಪ್ರತ್ಯೇಕ ಅಂಕಿ ಕೊಡುತ್ತದೆ. ಅಂಕಿ ಬದಲಾದ ಮಾತ್ರಕ್ಕೆ ಮೂಲ ಬದಲಾಯಿತೆಂದು ತಿಳಿಯಬೇಡಿ. ಇನ್ನೊಂದು, ಅರ್ಥಗಳನ್ನು ಜೋಡಿಸುವ ಕ್ರಮ. ಚರಿತ್ರೆಯನ್ನು ಆಧರಿಸಿದ ನಿಘಂಟುಗಳು ಹಳೆಯ ಅರ್ಥವನ್ನು ಮೊದಲು ಇಡುತ್ತವೆ, ವಿದ್ಯಾರ್ಥಿಗಳಿಗಾಗಿ ರಚಿಸಿದ ನಿಘಂಟುಗಳು ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಇಡುತ್ತವೆ. ಮೊದಲು ಕಂಡ ಅರ್ಥವೇ ಮೂಲ ಅರ್ಥ ಎಂದು ತೀರ್ಮಾನಿಸುವ ಮುನ್ನ ಪೀಠಿಕೆಯನ್ನು ಓದಿ, ಆ ನಿಘಂಟು ಯಾವ ಕ್ರಮವನ್ನು ಅನುಸರಿಸಿದೆ ಎಂದು ಖಚಿತಪಡಿಸಿಕೊಳ್ಳಿ. ಈ ಪೀಠಿಕೆಯನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ, ಏಕೆಂದರೆ ಅರ್ಧದಷ್ಟು ಸಂದೇಹಗಳು ಅಲ್ಲಿಯೇ ಪರಿಹಾರವಾಗುತ್ತವೆ.

ಹಂತ 4: ಆವರಣದೊಳಗಿನ ವ್ಯುತ್ಪತ್ತಿಯ ಸಾಲನ್ನು ನಿಧಾನವಾಗಿ ಓದಿ

‘ವ್ಯುತ್ಪತ್ತಿ’ ಎಂದರೆ ಪದದ ಹುಟ್ಟು ಮತ್ತು ಅದು ನಡೆದುಬಂದ ದಾರಿ. ಇದನ್ನು ಸಾಮಾನ್ಯವಾಗಿ ಚೌಕ ಆವರಣದಲ್ಲಿ, ಸಂಕ್ಷಿಪ್ತ ಅಕ್ಷರಗಳಲ್ಲಿ ಕೊಟ್ಟಿರುತ್ತಾರೆ. ಹೊಸಬರು ಹೆದರಿ ಬಿಟ್ಟುಬಿಡುವುದು ಇದನ್ನೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಮೊದಲ ಗುಂಪು, ಅಂದರೆ ಇಳಿಜಾರಿನ ‘ಬ್ಯಾಂಕ್’, ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಪ್ರಾಯಶಃ ಸ್ಕ್ಯಾಂಡಿನೇವಿಯದ ಭಾಷೆಯಿಂದ, ಅಂದರೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಂದು ನೆಲಸಿದ ವೈಕಿಂಗರ ನುಡಿಯಿಂದ ಬಂದದ್ದು. ಆ ನುಡಿಯ ಬರಹದಲ್ಲಿ ಉಳಿದಿರುವ ರೂಪ ‘ಬಕ್ಕಿ’. ನಕಾರ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜ. ಆ ನುಡಿಯಲ್ಲಿ ‘ಂಕ’ ಎಂಬ ಒತ್ತು ‘ಕ್ಕ’ ಆಗುತ್ತಿತ್ತು. ಇಂಗ್ಲಿಷಿನ ‘ಡ್ರಿಂಕ್’ ಪದಕ್ಕೆ ಸಮನಾದ ಕ್ರಿಯಾಪದ ಅಲ್ಲಿ ‘ಡ್ರೆಕ್ಕ’. ಇಂಗ್ಲಿಷ್ ಎರವಲು ಪಡೆದದ್ದು ಈ ಬದಲಾವಣೆಗೆ ಹಿಂದಿನ ರೂಪವನ್ನು ಎಂದು ನಿಘಂಟುಕಾರರು ಊಹಿಸುತ್ತಾರೆ.

ಎರಡನೆಯದು, ಸಾಲಿನ ‘ಬ್ಯಾಂಕ್’, ಹಳೆಯ ಫ್ರೆಂಚಿನ ‘ಬಾಂಕ್’ ಎಂಬ ಪದದಿಂದ ಬಂದಿದೆ. ಅದರ ಅರ್ಥ ಕುಳಿತುಕೊಳ್ಳುವ ಬೆಂಚು. ಹುಟ್ಟು ಹಾಕುವವರು ಹಡಗಿನಲ್ಲಿ ಬೆಂಚುಗಳ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಬೆಂಚಿನಿಂದ ಹುಟ್ಟುಗಳ ಸಾಲಿಗೆ, ಮುಂದೆ ಆರ್ಗನ್ ವಾದ್ಯದ ಕೀಲಿಗಳ ಸಾಲಿಗೆ, ಕೊನೆಗೆ ಸ್ವಿಚ್ಚುಗಳ ಸಾಲಿಗೆ ಹೆಸರು ಹರಡಿತು.

ಮೂರನೆಯದು, ಹಣದ ‘ಬ್ಯಾಂಕ್’, ಇಂಗ್ಲಿಷಿಗೆ ಬಂದದ್ದು 15ನೆಯ ಶತಮಾನದ ಕೊನೆಯ ಭಾಗದಲ್ಲಿ, ಫ್ರೆಂಚಿನ ‘ಬಾಂಕ್’ ಮತ್ತು ಇಟಾಲಿಯನ್ನಿನ ‘ಬಾಂಕಾ’ ಪದಗಳ ಮೂಲಕ. ಇಟಲಿಯ ಪಟ್ಟಣಗಳಲ್ಲಿ ನಾಣ್ಯ ವಿನಿಮಯ ಮಾಡುವವರು ತಮ್ಮ ಮುಂದೆ ಇಟ್ಟುಕೊಳ್ಳುತ್ತಿದ್ದ ಮೇಜಿಗೆ ಆ ಹೆಸರಿತ್ತು. ಮೇಜಿನ ಹೆಸರು ವ್ಯವಹಾರಕ್ಕೆ, ವ್ಯವಹಾರದ ಹೆಸರು ಸಂಸ್ಥೆಗೆ ಅಂಟಿತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪನೆಯಾದಾಗ ಮೇಜಿನ ನೆನಪು ಯಾರಿಗೂ ಉಳಿದಿರಲಿಲ್ಲವೇನೋ. ಆದರೆ ಇದೇ ದಾರಿಯನ್ನು ಗ್ರೀಕ್ ಭಾಷೆ ಸ್ವತಂತ್ರವಾಗಿ ನಡೆದಿದೆ. ಅಲ್ಲಿ ಬ್ಯಾಂಕಿಗೆ ‘ಟ್ರಾಪೆಜ’ ಎನ್ನುತ್ತಾರೆ, ಆ ಪದದ ಮೂಲ ಅರ್ಥ ಮೇಜು. ರೇಖಾಗಣಿತದ ‘ಟ್ರಪೀಜಿಯಂ’ ಕೂಡ ಅದೇ ಪದದ ಸಂತಾನ.

ಈಗ ಮುಖ್ಯ ವಿಷಯ. ಮೂರೂ ಸಾಲುಗಳ ಕೊನೆಯಲ್ಲಿ ನಕ್ಷತ್ರ ಚಿಹ್ನೆಯೊಡನೆ ‘ಬಂಕ್–’ ಎಂಬ ಭಾಗವುಳ್ಳ ಮೂಲ ಜರ್ಮ್ಯಾನಿಕ್ ರೂಪಗಳು ಕಾಣುತ್ತವೆ. ಮೂಲ ಜರ್ಮ್ಯಾನಿಕ್ ಎಂದರೆ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳ ಪೂರ್ವಜ ಭಾಷೆ, ಕನ್ನಡಕ್ಕೆ ಮೂಲ ದ್ರಾವಿಡ ಇದ್ದಂತೆ. ಬೆಂಚು ಎಂಬ ಅರ್ಥದ ಜರ್ಮ್ಯಾನಿಕ್ ಪದ ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳಿಗೆ ಎರವಲಾಗಿ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಮರಳಿ ಬಂತು. ಸ್ಕ್ಯಾಂಡಿನೇವಿಯದ ಪದವೂ ಅದೇ ಮೂಲದ್ದು. ನೆಲದ ಉಬ್ಬು, ನೈಸರ್ಗಿಕವಾದ ಜಗಲಿ, ಕುಳಿತುಕೊಳ್ಳುವ ಬೆಂಚು ಇವುಗಳ ನಡುವಿನ ಸಂಬಂಧ ದೂರದ್ದಲ್ಲ. ಹೀಗಾಗಿ ಆರಂಭದ ಪ್ರಶ್ನೆಗೆ ಉತ್ತರ ಎರಡು ಪದರಗಳದ್ದು: ಇಂಗ್ಲಿಷಿನೊಳಗೆ ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬಾಗಿಲಿನಿಂದ ಒಳಬಂದ ಮೂರು ಪದಗಳು, ಆದರೆ ಬಹಳ ಹಿಂದೆ ಮೂರೂ ಒಂದೇ ಮನೆಯವು.

ಎಚ್ಚರಿಕೆ: ನಕ್ಷತ್ರ ಚಿಹ್ನೆ ಇದ್ದರೆ ಆ ರೂಪ ಯಾವ ಬರಹದಲ್ಲಿಯೂ ಸಿಕ್ಕಿಲ್ಲ, ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಪುನಾರಚಿಸಿದ್ದಾರೆ ಎಂದರ್ಥ. ‘ಪ್ರಾಯಶಃ’ ಎಂಬುದಕ್ಕೆ ಸಮನಾದ ಸಂಕ್ಷೇಪ ಕಂಡರೆ ಅದನ್ನು ನಿಮ್ಮ ಟಿಪ್ಪಣಿಯಲ್ಲಿಯೂ ಉಳಿಸಿಕೊಳ್ಳಿ. ನಿಘಂಟು ‘ಇರಬಹುದು’ ಎಂದದ್ದನ್ನು ನಾವು ‘ಇದೆ’ ಎಂದು ಬರೆಯಬಾರದು.

ಹಂತ 5: ಸೋದರ ಪದಗಳಿಂದ ಪರೀಕ್ಷಿಸಿ

ಒಂದೇ ಮೂಲದಿಂದ ಹುಟ್ಟಿ ಬೇರೆ ಬೇರೆ ರೂಪ ತಳೆದ ಪದಗಳನ್ನು ‘ಜ್ಞಾತಿ ಪದ’ ಅಥವಾ ಸೋದರ ಪದ ಎನ್ನುತ್ತಾರೆ. ಇವುಗಳನ್ನು ಹುಡುಕಿದರೆ ನಿಮ್ಮ ತೀರ್ಮಾನ ಗಟ್ಟಿಯಾಗುತ್ತದೆ. ಜರ್ಮನ್ ಭಾಷೆಯಲ್ಲಿ ‘ಬಾಂಕ್’ ಎಂದರೆ ಬೆಂಚೂ ಹೌದು, ಹಣದ ಬ್ಯಾಂಕೂ ಹೌದು. ಬಹುವಚನದಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ: ಬೆಂಚುಗಳು ‘ಬೆಂಕೆ’, ಬ್ಯಾಂಕುಗಳು ‘ಬಾಂಕೆನ್’. ಸ್ಪ್ಯಾನಿಷಿನ ‘ಬಾಂಕೊ’ ಪದಕ್ಕೂ ಎರಡೂ ಅರ್ಥಗಳಿವೆ. ಡಚ್ಚಿನಲ್ಲಿ ಸೋಫಾಕ್ಕೂ ಬ್ಯಾಂಕ್ ಎನ್ನುತ್ತಾರೆ.

ಇಂಗ್ಲಿಷಿನದೇ ಆದ ಸೋದರ ಪದ ‘ಬೆಂಚ್’. ಹಳೆಯ ಇಂಗ್ಲಿಷಿನಲ್ಲಿ ಪದದ ಕೊನೆಯಲ್ಲಿದ್ದ ಇಕಾರದ ಪ್ರಭಾವದಿಂದ ಒಳಗಿನ ಅಕಾರ ಎಕಾರವಾಯಿತು, ಕಕಾರ ಚಕಾರವಾಯಿತು. ‘ಸ್ಟಿಂಕ್’–‘ಸ್ಟೆಂಚ್’, ‘ಡ್ರಿಂಕ್’–‘ಡ್ರೆಂಚ್’ ಜೋಡಿಗಳಲ್ಲಿಯೂ ಇದೇ ಬದಲಾವಣೆಯನ್ನು ನೋಡಬಹುದು. ಒಂದು ಬದಲಾವಣೆ ಹೀಗೆ ಹಲವು ಜೋಡಿಗಳಲ್ಲಿ ಪುನರಾವರ್ತನೆಯಾದರೆ ಅದು ನಂಬತಕ್ಕದ್ದು. ಒಂದೇ ಪದಕ್ಕಾಗಿ ಕಟ್ಟಿದ ನಿಯಮವನ್ನು ನಂಬಬೇಡಿ.

ಈ ಕುಟುಂಬದ ಒಂದು ಶಾಖೆ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕಡೆಗೂ ಬಂದಿದೆ. ಮರಾಠಿಯಲ್ಲಿ ಶಾಲೆಯ ಬೆಂಚಿಗೆ ‘ಬಾಕ್’ ಎನ್ನುತ್ತಾರೆ, ಸಿಂಹಳದಲ್ಲಿ ‘ಬಂಕುವ’, ಮಲಯ ಭಾಷೆಯಲ್ಲಿ ‘ಬಂಗ್ಕು’. ಮೂರಕ್ಕೂ ಮೂಲ ಪೋರ್ಚುಗೀಸಿನ ‘ಬಾಂಕೊ’.

ಹಂತ 6: ಕಥೆಗಳನ್ನು ಜರಡಿ ಹಿಡಿಯಿರಿ

‘ಬ್ಯಾಂಕ್‌ರಪ್ಟ್’, ಅಂದರೆ ದಿವಾಳಿ, 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಇಟಾಲಿಯನ್ನಿನ ‘ಬಾಂಕಾ ರೊತ್ತ’, ಮುರಿದ ಮೇಜು, ಇದರ ಮೂಲ. ಲ್ಯಾಟಿನ್ ಬಲ್ಲವರು ‘ರೊತ್ತ’ವನ್ನು ತಿದ್ದಿ ಲ್ಯಾಟಿನ್ನಿನ ‘ರುಪ್ತ’ಕ್ಕೆ ಹತ್ತಿರ ತಂದರು. ಇಷ್ಟು ಖಚಿತ. ಸಾಲ ತೀರಿಸಲಾಗದ ವ್ಯಾಪಾರಿಯ ಮೇಜನ್ನು ಪೇಟೆಯ ನಡುವೆ ನಿಜವಾಗಿಯೂ ಒಡೆದುಹಾಕುತ್ತಿದ್ದರು ಎಂಬ ಕಥೆಯನ್ನೂ ಇದರೊಡನೆ ಹೇಳುತ್ತಾರೆ. ಕಥೆ ಜನಪ್ರಿಯ, ಆದರೆ ಪದದ ಮೂಲವನ್ನು ವಿವರಿಸಲು ಅದು ಬೇಕಾಗಿಲ್ಲ. ವ್ಯವಹಾರ ‘ಮುರಿದುಬಿತ್ತು’ ಎಂದು ಕನ್ನಡದಲ್ಲಿ ಹೇಳುವಾಗ ನಾವೂ ಯಾವ ವಸ್ತುವನ್ನೂ ಒಡೆಯುವುದಿಲ್ಲ.

ಪದದ ಮೂಲದ ಬಗ್ಗೆ ಕಥೆ ಕೇಳಿದಾಗ ಎರಡು ಪ್ರಶ್ನೆ ಕೇಳಿ. ಪದ ಬಳಕೆಗೆ ಬಂದ ಕಾಲದಲ್ಲಿಯೇ ಕಥೆಗೆ ಲಿಖಿತ ಸಾಕ್ಷ್ಯವಿದೆಯೇ? ಕಥೆಯನ್ನು ತೆಗೆದುಹಾಕಿದರೂ ವ್ಯುತ್ಪತ್ತಿ ನಿಲ್ಲುತ್ತದೆಯೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಕಥೆಯನ್ನು ಕಥೆಯಾಗಿಯೇ ಇಡಿ. ಕಥೆಯಿಲ್ಲದೆ ನಿಲ್ಲುವ ಬೇರೆ ಉದಾಹರಣೆಗಳೂ ಇದೇ ಕುಟುಂಬದಲ್ಲಿವೆ. ಔತಣಕೂಟದ ‘ಬ್ಯಾಂಕ್ವೆಟ್’ ಇಟಾಲಿಯನ್ನಿನ ‘ಬಾಂಕೆತ್ತೊ’, ಅಂದರೆ ಸಣ್ಣ ಬೆಂಚು, ಎಂಬುದರಿಂದ ಫ್ರೆಂಚಿನ ಮೂಲಕ ಬಂದಿದೆ. ನಕಲಿ ಔಷಧ ಮಾರುವವನಿಗೆ ‘ಮೌಂಟಿಬ್ಯಾಂಕ್’ ಎಂದು ಹೆಸರು ಬಂದದ್ದು ಆತ ಬೆಂಚು ಹತ್ತಿ ನಿಂತು ಜನರನ್ನು ಕೂಗಿ ಕರೆಯುತ್ತಿದ್ದುದರಿಂದ, ಆ ಅರ್ಥ ಇಟಾಲಿಯನ್ ಪದದಲ್ಲಿಯೇ ನೇರವಾಗಿದೆ.

ಹಂತ 7: ಹೊಸ ಅರ್ಥಗಳಿಗೆ ಕಾಲ ಗುರುತಿಸಿ

ವಿಸ್ತರಿಸಿದ ಅರ್ಥಗಳಲ್ಲಿ ಕೆಲವಕ್ಕೆ ಹುಟ್ಟಿದ ವರ್ಷವೇ ತಿಳಿದಿರುತ್ತದೆ. ‘ಬ್ಲಡ್ ಬ್ಯಾಂಕ್’ ಎಂಬ ಹೆಸರನ್ನು ಕೊಟ್ಟವರು ಬರ್ನಾರ್ಡ್ ಫಾಂಟಸ್ ಎಂಬ ವೈದ್ಯರು, 1937ರಲ್ಲಿ, ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ. ರಕ್ತವನ್ನು ಜಮಾ ಮಾಡುವುದು, ಬೇಕಾದಾಗ ಹಿಂತೆಗೆಯುವುದು ಎಂಬ ಹೋಲಿಕೆ ಅವರ ಮನಸ್ಸಿನಲ್ಲಿತ್ತು. ‘ವೋಟ್ ಬ್ಯಾಂಕ್’ ಎಂಬುದಕ್ಕೆ ಕರ್ನಾಟಕದೊಡನೆಯೇ ನಂಟಿದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯನ್ನು ಕುರಿತು 1955ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಪದವನ್ನು ಬಳಸಿದರು. ಅಲ್ಲಿ ಅದರ ಸಂದರ್ಭ, ತನ್ನ ಆಶ್ರಿತರ ಮತಗಳ ಮೇಲೆ ಹಳ್ಳಿಯ ಪ್ರಬಲನಿಗಿದ್ದ ಹಿಡಿತ. ಒಟ್ಟಾಗಿ ಮತ ಹಾಕುವ ಸಮುದಾಯ ಎಂಬ ಇಂದಿನ ಅರ್ಥ ಅನಂತರ ಬೆಳೆದದ್ದು. ಹಳೆಯ ಬರಹವನ್ನು ಓದುವಾಗ ಇಂದಿನ ಅರ್ಥವನ್ನು ಅದರ ಮೇಲೆ ಹೇರಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಹಂತ 8: ಕನ್ನಡದ ಪದವನ್ನು ಆರಿಸಿಕೊಳ್ಳಿ

ಅನುವಾದಕರಿಗೆ ಇದೇ ಮುಖ್ಯ ಹಂತ. ಮೂಲ ಒಂದೇ ಎಂದು ತಿಳಿದ ಮೇಲೆ ಎಲ್ಲ ಕಡೆ ಒಂದೇ ಕನ್ನಡ ಪದ ಬಳಸುವ ಆಸೆಯಾಗುತ್ತದೆ, ಹಾಗೆ ಮಾಡಬೇಡಿ. ಗುಂಪನ್ನು ಗುರುತಿಸಿ, ಬಳಕೆಯಲ್ಲಿರುವ ಪದವನ್ನು ಹಾಕಿ: ನದಿಗೆ ದಡ ಅಥವಾ ದಂಡೆ, ಮರಳಿಗೆ ದಿಬ್ಬ, ಮೋಡಕ್ಕೆ ರಾಶಿ, ಸ್ವಿಚ್ಚುಗಳಿಗೆ ಸಾಲು, ಪ್ರಶ್ನೆಗಳಿಗೆ ಕೋಶ. ರಕ್ತಕ್ಕೆ ‘ರಕ್ತನಿಧಿ’ ಎಂಬ ಒಳ್ಳೆಯ ಪದ ನೆಲೆಯೂರಿದೆ. ಹಣಕ್ಕೆ ಬ್ಯಾಂಕೇ ಸರಿ.

ರೈಲ್ವೆಯ ಬರಹಗಳಲ್ಲಿ ‘ಬ್ಯಾಂಕರ್’ ಕಂಡರೆ ನಿಂತು ಯೋಚಿಸಿ. ಗೋವಾದ ಕುಳೆಂನಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಘಟ್ಟ ಹತ್ತುವ ರೈಲುಗಳನ್ನು ಹಿಂದಿನಿಂದ ತಳ್ಳಲು ಜೋಡಿಸುವ ಹೆಚ್ಚುವರಿ ಎಂಜಿನ್ನಿಗೆ ಆ ಹೆಸರು. ಇಲ್ಲಿ ‘ಬ್ಯಾಂಕ್’ ಎಂದರೆ ಏರು. ಇದು ಮೊದಲ ಗುಂಪಿನ ಅರ್ಥವನ್ನು ಹಾಗೆಯೇ ಉಳಿಸಿಕೊಂಡಿರುವ ಬಳಕೆ, ಹಣದ ಲೇವಾದೇವಿಗೂ ಇದಕ್ಕೂ ಸಂಬಂಧವಿಲ್ಲ.

ನದಿಯ ವಿಷಯದಲ್ಲಿ ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ. ‘ಲೆಫ್ಟ್ ಬ್ಯಾಂಕ್’, ‘ರೈಟ್ ಬ್ಯಾಂಕ್’ ಎಂಬುದನ್ನು ನಕ್ಷೆಯ ಎಡ, ಬಲ ಎಂದು ತಿಳಿದು ಬರೆಯುತ್ತಾರೆ. ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತಾಗ ನಿಮ್ಮ ಎಡಕ್ಕಿರುವುದು ಎಡದಂಡೆ. ತುಂಗಭದ್ರಾ ಅಣೆಕಟ್ಟಿನಲ್ಲಿ ಹೀಗೆ ನಿಂತರೆ ಕೊಪ್ಪಳ, ರಾಯಚೂರುಗಳ ಕಡೆಗೆ ಹೋಗುವುದು ಎಡದಂಡೆ ಕಾಲುವೆ, ಬಳ್ಳಾರಿಯ ಕಡೆಗಿನದು ಬಲದಂಡೆಯದು. ಪ್ಯಾರಿಸ್ಸಿನ ಪ್ರಸಿದ್ಧ ಎಡದಂಡೆ ಸೆನ್ ನದಿಯ ದಕ್ಷಿಣಕ್ಕಿದೆ. ಜೋರ್ಡಾನ್ ನದಿ ದಕ್ಷಿಣಕ್ಕೆ ಹರಿಯುವುದರಿಂದ ಪತ್ರಿಕೆಗಳಲ್ಲಿ ಬರುವ ‘ಪಶ್ಚಿಮ ದಂಡೆ’ ಆ ನದಿಯ ಬಲದಂಡೆಯಾಗುತ್ತದೆ. ಆದ್ದರಿಂದ ಇಂಥ ವಾಕ್ಯವನ್ನು ಅನುವಾದಿಸುವ ಮೊದಲು ನದಿ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನಕ್ಷೆಯಲ್ಲಿ ನೋಡಿಕೊಳ್ಳಿ.

ಅಭ್ಯಾಸಕ್ಕಾಗಿ ಮುಂದಿನ ಪದವಾಗಿ ‘ಮ್ಯಾಚ್’ ಅನ್ನು ತೆಗೆದುಕೊಳ್ಳಬಹುದು. ಕ್ರಿಕೆಟ್ ಮ್ಯಾಚು, ಬಟ್ಟೆಯ ಬಣ್ಣ ಮ್ಯಾಚ್ ಆಗುವುದು, ಮ್ಯಾಚ್‌ಬಾಕ್ಸ್ ಈ ಮೂರನ್ನೂ ಬರೆದುಕೊಂಡು ಮೊದಲ ಹಂತದಿಂದ ಆರಂಭಿಸಿ. ಮೊದಲ ಎರಡು ‘ಜೋಡಿ, ಸಮಾನ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದಕ್ಕೆ ಸೇರುತ್ತವೆ. ಮೂರನೆಯದು ‘ಬತ್ತಿ’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ‘ಬ್ಯಾಂಕ್’ ಪದದಲ್ಲಿ ಕೊನೆಗೆ ಸಿಕ್ಕ ರಕ್ತಸಂಬಂಧ ಇಲ್ಲಿ ಸಿಗುವುದಿಲ್ಲ, ಇವು ಸಮರೂಪಿ ಪದಗಳು.